ಕೊನೆಗೆ ಕಾಪಿ ಮಾಡಿದ್ದು

ಕುಂಬಳೆ ಬಸ್‌ಸ್ಟ್ಯಾಂಡಿನ ಹಿಂದೆ
ಮೀನಿನ ಐಸು ಕರಗಿ ಹರಿಯುವ ಓಣಿಯಲ್ಲಿ
ಮೂರು ಕಂಪ್ಯೂಟರು, ಒಂದು ಝೆರಾಕ್ಸು, ಅರ್ಧ ಫ್ಯಾನು.
ಅರ್ಧ ಯಾಕೆಂದರೆ ಅದು ಪ್ರಸೀದಳ ಕಡೆಗೆ ಮಾತ್ರ ತಿರುಗುತ್ತದೆ.
ಕರೆಂಟು ಹೋದರೆ ನಮಗೆ ಹನ್ನೊಂದು ನಿಮಿಷ ಆಯುಸ್ಸು.
ಯುಪಿಎಸ್ಸು ಕೀಂಯ್ ಕೀಂಯ್ ಎಂದು ಎಣಿಸತೊಡಗುತ್ತದೆ.

ಆಗ ಈ ಆಟ.
ಶುರುಮಾಡಿದ್ದು ನವಾಝ್.
ಖಾಲಿ ಹಾಳೆ ತೆರೆಯಬೇಕು, ಪೇಸ್ಟ್ ಒತ್ತಬೇಕು,
ಬಂದದ್ದನ್ನು ಗಟ್ಟಿಯಾಗಿ ಓದಬೇಕು.
ತಿದ್ದುವಂತಿಲ್ಲ, ಅಯ್ಯೋ ಅನ್ನುವಂತಿಲ್ಲ.

ಮೊದಲು ಅವನದ್ದೇ:
‘ಮೇಲೆ ಹೇಳಿದ ಆಡು ನನ್ನದೇ ಎಂದು ಈ ಮೂಲಕ’
ಅಷ್ಟೇ. ಇನ್ಶೂರೆನ್ಸಿನ ಕಾಗದ.
ಆಡು ಯಾರದ್ದೋ, ಸತ್ತದ್ದು ಹೇಗೋ,
ಹನ್ನೊಂದು ನಿಮಿಷಕ್ಕೆ ಅದು ನವಾಝನದ್ದು.

ಪ್ರಸೀದಳಿಗೆ ಬಂದದ್ದು ಒಂದೇ ಶಬ್ದ, ಮಲಯಾಳದಲ್ಲಿ: ಒಪ್ಪು.
ಅವಳಿಗೆ ಅದು ಸಹಿ.
ನನ್ನ ಕಿವಿಗೆ ಅಪ್ಪಣೆ.
ಎಂತದ್ದಕ್ಕೆ ಒಪ್ಪುವುದು, ಎಂದೆ.
ಕೆಳಗೆ ಗೆರೆ ಉಂಟಲ್ಲ ಚೇಚಿ, ಅಲ್ಲಿ, ಅಂದಳು.
ಇಪ್ಪತ್ತು ವರ್ಷದಿಂದ ಸರಕಾರದ ಫಾರಂಗಳಿಗೆ
ನಾನು ಒಪ್ಪದೆಯೇ ಒಪ್ಪು ಹಾಕುತ್ತಿದ್ದೇನೆ.

ಚಹಾ ಹಿಡಿದು ಬಂದ ಅಂದುಂಞಿಚ್ಚನ ಮೊಬೈಲಿನಲ್ಲಿ
ಒಂದು ಚುಕ್ಕಿ. ಬರೇ ಚುಕ್ಕಿ.
ಎಲ್ಲಿಂದ ಬಂತೋ ಗೊತ್ತಿಲ್ಲ, ಅಂದ,
ಕನ್ನಡಕ ಮೇಲೇರಿಸಿ ಅದನ್ನೇ ನೋಡುತ್ತ.

ನನ್ನ ಸರದಿಗೆ ಬೆರಳು ತಡೆಯಿತು.

ಬೆಳಗ್ಗೆ ಅಪ್ಪಿ ಬಂದಿದ್ದಳು, ಪೆನ್ಶನ್ನಿಗೆ.
ಹೆಸರು ಹೇಳಿದಳು. ಪ್ರಾಯ ಅಂದಾಜಿಗೆ ಹೇಳಿದಳು.
ಗಂಡನ ಹೆಸರು ಬಾಯಲ್ಲಿ ಹೇಳದೆ ಕಾರ್ಡು ತೋರಿಸಿದಳು.
ಮನೆ ಹೆಸರು?
‘ಮನೆಗೆ ಎಂತ ಹೆಸರು ಮಗಾ,
ಅದನ್ನು ಯಾರು ಕರೆಯುವುದು?’
ಚೌಕದ ಪಕ್ಕ ಕೆಂಪು ನಕ್ಷತ್ರ.
ತುಂಬದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ.

ಒತ್ತು ಒತ್ತು, ಅಂದ ನವಾಝ್. ಒತ್ತಿದೆ.

ಕೆರೆಮೂಲೆ ಹೌಸ್.

ಎಲ್ಲಿ ಬರುತ್ತದೆ ಅದು?
ಕಿಟಕಿಯತ್ತ ಕೈ ತೋರಿಸಿದೆ.
ಹೊಸ ಹೆದ್ದಾರಿಯ ಆರು ಸಾಲಿನಲ್ಲಿ
ನಾಲ್ಕನೆಯದು ನಮ್ಮ ಅಡಿಗೆಮನೆ.
ಅಮ್ಮ ಅರ್ಧ ಗಂಟೆ ಮಜ್ಜಿಗೆ ಕಡೆಯುತ್ತಿದ್ದ ಮೂಲೆಯನ್ನು
ಗ್ಯಾಸಿನ ಟ್ಯಾಂಕರು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ.
ಪರಿಹಾರ ಬಂತು. ಸರ್ವೆ ನಂಬ್ರಕ್ಕೆ ಬಂತು,
ಬಾವಿಗೆ ಬಂತು, ಹನ್ನೆರಡು ತೆಂಗಿಗೆ ಬಂತು.
ಹೆಸರಿಗೆ ಏನೂ ಕೊಡಲಿಲ್ಲ,
ಹಾಗಾಗಿ ಹೆಸರು ನನ್ನ ಹತ್ತಿರವೇ ಉಳಿಯಿತು.

ಈಗ ನಾನಿರುವುದು ಕ್ವಾರ್ಟರ್ಸು, ನಂಬ್ರ ನಾಲ್ಕು.
ಹಳೆಯ ಫೈಲಿನಿಂದ ಎತ್ತಿ
ಅಪ್ಪಿಯ ಚೌಕದಲ್ಲಿ ಇಟ್ಟೆ.
ನಕ್ಷತ್ರ ಮಾಯವಾಯಿತು.
ಸುಳ್ಳು ಅನ್ನಿ ಬೇಕಾದರೆ.

ಇಷ್ಟೆಲ್ಲ ಹೇಳುವ ಮೊದಲೇ ಪರದೆ ಕಪ್ಪಾಗಿತ್ತು.
ಕತ್ತಲಲ್ಲಿ ಯಾರೋ ಚಹಾ ಹೀರಿದ ಸದ್ದು.
ಕರೆಂಟು ಬಂದ ಮೇಲೆ ಇನ್ನೊಮ್ಮೆ ಒತ್ತಿ ನೋಡಿದೆ,
ಏನೂ ಇಲ್ಲ.
ಬಿಳಿ ಹಾಳೆಯಲ್ಲಿ ಕಡ್ಡಿಯೊಂದು ಮಿಣುಕುತ್ತ ನಿಂತಿತ್ತು,
ಗೇಟಿನ ಹೊರಗೆ ನಿಂತವರ ಹಾಗೆ.

ಎರಡು ತಿಂಗಳ ಮೇಲೆ ಅಪ್ಪಿ ಮತ್ತೆ ಬಂದಳು.
ಹಣ ಬಂದಿರಲಿಲ್ಲ, ಕಾಗದ ಬಂದಿತ್ತು.
ಓದಿಸಿದಳು, ಎರಡು ಸಲ.
‘ಗೊತ್ತುಂಟು ನನಗೆ ಆ ಮನೆ.
ಜಗಲಿಯವರೆಗೆ ಬಂದಿದ್ದೇನೆ, ಎಷ್ಟೋ ಸಲ.
ಒಳಗೆ ಬಂದದ್ದಿಲ್ಲ.’

ನಾನು ಕಾಗದ ಮಡಚಿದೆ. ಮತ್ತೆ ಬಿಡಿಸಿದೆ.

ಸೆರಗಿನಿಂದ ಎರಡು ಮುಳ್ಳುಸೌತೆ ತೆಗೆದು
ಅವಳು ಕೀಬೋರ್ಡಿನ ಮೇಲೇ ಇಟ್ಟಳು. ಬಾಡಿಗೆ, ಅಂದಳು.
ಯಾವ ಕೀಲಿ ಅದುಮಿತೋ,
ಪರದೆಯ ತುಂಬ ಳ ಳ ಳ ಳ ಓಡತೊಡಗಿತು,
ಯಾವ ಮನೆಯ ಹೆಸರೂ ಶುರುವಾಗದ ಅಕ್ಷರ.

ಅದು ಯಾರ ಮನೆ ಮಗಾ,
ಬಗ್ಗಿ ನೋಡುತ್ತ ಅಪ್ಪಿ ಕೇಳಿದಳು.