ಮೆಟ್ಟಿನ ಲೆಕ್ಕ

ಮೊದಲು ಮೇಕೆಗಳು.
ಫೋನಿನಲ್ಲಿ ಜೆಪ್ಕೆಂಬೊಯ್ ಇಪ್ಪತ್ತು ನಿಮಿಷ ಅಂದರೆ
ನನಗೆ ಹದಿನೈದೇ. ಉಳಿದ ಐದು
ಕತ್ತೆಗೆ, ಅದರ ಹಟಕ್ಕೆ.
ಎಂಟುನೂರು ಹೆಜ್ಜೆ ಮಣ್ಣು,
ಒಂದು ತುದಿಗೆ ತುರ್ಕಾನ ಸರೋವರ, ಒಂದು ತುದಿಗೆ ಕಲ್ಲುಗುಡ್ಡ,
ನಡುವೆ ನಾನು, ಒಂದು ಕೋಲು, ಬಾಯಲ್ಲಿ ಸೀಟಿ.

ನನ್ನ ಹೆಸರು ಎಕುವಾಮ್. ಗಾಳಿ ಎದ್ದಾಗ ಹುಟ್ಟಿದವನಿಗೆ
ನಮ್ಮಲ್ಲಿ ಇಡುವ ಹೆಸರು. ಅದಕ್ಕೇ ಇರಬೇಕು,
ಕಂಬದ ಮೇಲಿನ ಗಾಳಿಚೀಲ ಹರಿದರೆ
ಹೊಲಿಯುವ ಕೆಲಸವೂ ನನ್ನ ಪಾಲಿಗೆ ಬಂದದ್ದು.
ಈಗ ಅದಕ್ಕೆ ಹೆಂಡತಿಯ ಕೆಂಪು ಹೊದಿಕೆಯ ತೇಪೆ.

ಧೂಳು ಕೂರುವ ಮೊದಲೇ
ನ್ಯಾಮ್ವೆಯ ಇಳಿದಿರುತ್ತಾನೆ. ಓಡುವುದಿಲ್ಲ.
ನರ್ಸು ಓಡಿದರೆ ಜನ ಹೆದರುತ್ತಾರೆ ಅನ್ನುತ್ತಾನೆ.
ಉದ್ದುದ್ದ ಕಾಲು ಹಾಕಿ ಬಂದು
ಮೊಣಕಾಲೂರಿ, ನಾಡಿ ಹಿಡಿದು,
ಮೊದಲು ಹೆಸರು ಕೇಳುತ್ತಾನೆ,
ಆಮೇಲೆ ನೋವು.

ಹಾವು ಕಚ್ಚಿದ ಹುಡುಗ.
ದನದ ದಾಳಿಯಲ್ಲಿ ಗುಂಡು ತಿಂದವನು,
ಪಕ್ಕದಲ್ಲೇ, ಒಂದು ಸಲ, ಆ ಗುಂಡು ಹೊಡೆದವನು.
ಎರಡು ಸ್ಟ್ರೆಚರಿನ ನಡುವೆ ಮೊಳದಷ್ಟು ಜಾಗ,
ಅಲ್ಲಿ ನ್ಯಾಮ್ವೆಯ. ಒಂದೊಂದು ಕೈ ಒಬ್ಬೊಬ್ಬರಿಗೆ.

ಜೆಪ್ಕೆಂಬೊಯ್ ಕಣ್ಣು ಸೂರ್ಯನ ಮೇಲೆ.
ಕತ್ತಲಾದರೆ ಈ ಮಣ್ಣು ಬಿಟ್ಟು ಏಳುವಂತಿಲ್ಲ.
ತೂಕ ಎಷ್ಟು ಅನ್ನುತ್ತಾಳೆ,
ನಮ್ಮಲ್ಲಿ ತಕ್ಕಡಿ ಇರುವುದು ಮೇಕೆಗೆ.
ಜೊತೆಗೆ ಒಬ್ಬರು, ಒಬ್ಬರೇ, ಅನ್ನುವಾಗ
ಅವಳ ದನಿ ಕಲ್ಲು. ಶಾಪ ಹಾಕಿದವರಿದ್ದಾರೆ,
ಬಾಗಿಲಿಗೆ ಜೋತುಬಿದ್ದವರಿದ್ದಾರೆ.
ಬಾಗಿಲು ಮುಚ್ಚಿದ ಮೇಲೆ, ಗಾಜಿನಾಚೆ,
ಆ ಕಲ್ಲು ತೋಳಿನಿಂದ ಮುಖ ಒರೆಸಿಕೊಂಡದ್ದು
ನಾನೊಬ್ಬನೇ ಕಂಡದ್ದು.

ಮತ್ತೆ ಮೆಟ್ಟು.
ಹತ್ತುವ ಮುನ್ನ ನಮ್ಮವರು ಟೈರಿನ ಮೆಟ್ಟು ಕಳಚುತ್ತಾರೆ,
ಬೇಡವೆಂದರೂ ಕೇಳುವುದಿಲ್ಲ.
ಯಾರದೋ ಮನೆಯೊಳಗೆ ಕಾಲಿಡುವ ಹಾಗೆ
ಮೆಟ್ಟಿಲ ಕೆಳಗೆ ಜೋಡಿಸಿಟ್ಟು
ಬರಿಗಾಲಲ್ಲಿ ಆಕಾಶಕ್ಕೆ.
ವಿಮಾನ ಹೋಗುತ್ತದೆ. ಮೆಟ್ಟು ಉಳಿಯುತ್ತದೆ.
ಧೂಳು ಕೊಡವಿ ಜಾಲಿಯ ಕೊಂಬೆಗೆ ನೇತುಹಾಕುತ್ತೇನೆ.

ವಾಸಿಯಾದವರು ಲಾರಿ ಹತ್ತಿ ಬರುತ್ತಾರೆ,
ವಾರಕ್ಕೋ, ಮೂರು ತಿಂಗಳಿಗೋ,
ಆಸ್ಪತ್ರೆಯ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಕಾಲೆಳೆಯುತ್ತ.
ನೇರ ಮರದ ಬಳಿ. ತಮ್ಮದನ್ನು ಹುಡುಕಿ, ಮೆಟ್ಟಿ,
ಎರಡು ಸಲ ನೆಲ ತುಳಿದು ನೋಡುತ್ತಾರೆ.
ಬಾರದವರದು ಅಲ್ಲೇ, ಬಿಸಿಲಿಗೆ ಸುರುಟಿ,
ಗಾಳಿಗೆ ಒಂದಕ್ಕೊಂದು ಬಡಿದು ಟಪ್ ಟಪ್.

ಎಲ್ಡೊರೆಟ್‌ನ ಆಸ್ಪತ್ರೆ ಬಾಗಿಲಲ್ಲಿ
ಕಾಗದಕ್ಕೆ ರುಜು ಹಾಕಿಸಿ, ಸ್ಟ್ರೆಚರಿನ ರಕ್ತ ತೊಳೆದು
ಅವರಿಬ್ಬರೂ ಮುಂದಿನ ಕರೆಗೆ ಹೊರಡಬೇಕು. ಆಮೇಲೆ ಏನಾಯಿತೆಂದು
ಅವರಿಗೂ ಯಾರೂ ಹೇಳುವುದಿಲ್ಲ.
ಹಾಗಾಗಿ ಬಂದಿಳಿದಾಗೆಲ್ಲ, ಎಂಜಿನ್ ಇನ್ನೂ ಗುರುಗುಡುವಾಗಲೇ
ಜೆಪ್ಕೆಂಬೊಯ್ ಕಿಟಕಿಯಿಂದ ಮರ ನೋಡುತ್ತಾಳೆ.
ನಾನು ಬೆರಳೆತ್ತುತ್ತೇನೆ: ಎರಡು ಜೊತೆ ಇಳಿದವು.
ಕೆಲವು ಸಲ ಬೆರಳೆತ್ತದೆ ಮೇಕೆಗಳ ಕಡೆ ತಿರುಗುತ್ತೇನೆ.

ಅಜಿಕೋನಳದು ಬೇರೆ.
ಅರ್ಧ ಹಾದಿಯಲ್ಲಿ, ಚೆರಂಗಾನಿ ಬೆಟ್ಟದ ಮೇಲೆ,
ಮೋಡ ಎತ್ತಿ ಎತ್ತಿ ಕುಕ್ಕುವಾಗ ಹೆತ್ತಳು.
ನ್ಯಾಮ್ವೆಯ ತನ್ನ ಅಂಗಿಯಲ್ಲಿ ಸುತ್ತಿಕೊಂಡನಂತೆ,
ನೆಲ ಮುಟ್ಟುವವರೆಗೆ ಎರಡು ಬೆರಳಲ್ಲಿ
ಆ ಎದೆ ಒತ್ತುತ್ತಲೇ ಇದ್ದನಂತೆ.
ಅಷ್ಟೇ ಗೊತ್ತು ಅವನಿಗೆ.
ಅವಳ ಮೆಟ್ಟನ್ನು ಗಂಡ ಬಂದು ಒಯ್ದ, ಮಾತಿಲ್ಲದೆ.
ದನ ಹೊಡೆದುಕೊಂಡು ಉಗಾಂಡದ ಕಡೆ ಹೋಗಿಬಿಟ್ಟ.
ಕೇಳಬೇಕಿತ್ತು. ನಾಲಿಗೆ ಏಳಲಿಲ್ಲ.

ಮಗು? ಅದು ಮೆಟ್ಟು ಬಿಟ್ಟುಹೋಗಿರಲಿಲ್ಲ.
ಲೆಕ್ಕಕ್ಕೆ ಹೇಗೆ ಹಿಡಿಯಲಿ?

ವಿಮಾನದ ಸವೆದ ಟೈರೊಂದನ್ನು
ಕೂರುವುದಕ್ಕಾದೀತೆಂದು ಕೊಟ್ಟುಹೋಗಿದ್ದಳು ಜೆಪ್ಕೆಂಬೊಯ್.
ಅದರಲ್ಲಿ ಒಂದು ಜೊತೆ ಕೊಯ್ದೆ, ನನ್ನ ಹೆಬ್ಬೆರಳುದ್ದ.
ಮಳೆ ಬಂತು, ಹೋಯಿತು.
ಅಷ್ಟರಲ್ಲಿ ಕಾಲು ಬೆಳೆದಿರುತ್ತದಲ್ಲ,
ಇನ್ನೊಂದು ಜೊತೆ, ತುಸು ದೊಡ್ಡದು.
ಈಗ ನಾಲ್ಕು ತೂಗುತ್ತಿವೆ.
ನ್ಯಾಮ್ವೆಯ ಒಮ್ಮೆ ನಿಂತು ನೋಡಿದ. ಯಾರದೆಂದು ಕೇಳಲಿಲ್ಲ.
ಕೊನೆಯದನ್ನು ಕೈಯಲ್ಲಿ ಹಿಡಿದು
ಒಂದು ಬೆರಳು ಉದ್ದ ಬಿಡಬಹುದಿತ್ತು ಅಂದ.

ಟೈರು ಇನ್ನೂ ಅರ್ಧ ಉಳಿದಿದೆ.
ಫೋನು ಹೊಡೆದುಕೊಳ್ಳುತ್ತಿದೆ.
ಹೋಗ್ರೇ, ಹೋಗ್ರೇ ಆಚೆ, ಹಾಳಾದ ಮೇಕೆಗಳಾ