ಸುಣ್ಣದ ಗೆರೆ

ನಮ್ಮ ಮುತ್ತಜ್ಜನಿಗೆ ಎರಡು ಸಲ ದೀಕ್ಷಾಸ್ನಾನ.
ಮೊದಲನೇದು ಪೆಂಡ್ರಿ ದೊರೆ ಮಾಡಿಸಿದ್ದು,
ಹಿತ್ತಾಳೆ ಬಟ್ಟಲಿಗೆ ಬೆರಳು ಅದ್ದಿ
ನೆತ್ತಿಗೆ ಮೂರು ಹನಿ. ಹೆಸರು ಸಮಾಧಾನಪ್ಪ.
ಎಂಟು ದಿನ ಬಿಟ್ಟು ಥೋರ್ನ್ ದೊರೆ,
ಹನಿ ಹಾಕಿದರೆ ಅದೇನು ಸ್ನಾನವೇ ಅಂತ,
ಬಾಣಾವರದ ಕೆರೆಗೆ ಎಳಕೊಂಡು ಹೋಗಿ
ಎಮ್ಮೆಗಳ ನಡುವೆ ಮುಳುಗಿಸಿ ಎತ್ತಿ
ಸತ್ಯಾನಂದ ಅಂದ.
ಮೂಗಿಗೆಲ್ಲ ಪಾಚಿ ಹೋಗಿತ್ತಂತೆ.
ಮನೆಗೆ ಬಂದರೆ ಅವನವ್ವ
‘ಎಲ್ಲಿ ಬಿದ್ದೆಯೋ ಕೆಂಚಾ’ ಅಂದಳು.

ವಿಲಾಯತಿಗೆ ಹೋದ ಆ ವರ್ಷದ ವರದಿಯಲ್ಲಿ
ರಕ್ಷಣೆ ಹೊಂದಿದ ಆತ್ಮಗಳು: ಎರಡು.
ಎರಡೂ ನಮ್ಮ ಮುತ್ತಜ್ಜನೇ.

ಪೆಂಡ್ರಿ ಬಂದದ್ದು ತೆಂಕಣ ಕಡಲಿನ ಒಂದು ದ್ವೀಪದಿಂದ.
ಮೂವರು ಪಾದ್ರಿಗಳಿದ್ದರಂತೆ ಅಲ್ಲಿ,
ಅರ್ಧ ದಿನ ನಡೆದರೆ ತೀರಿಹೋಗುವ ನೆಲದಲ್ಲಿ.
ಹಡಗು ಹದಿನಾಲ್ಕು ತಿಂಗಳಿಗೊಮ್ಮೆ.
ಹಿಟ್ಟಿಗೆ ಹುಳು, ಕೂಸಿಗೆ ಜ್ವರ,
ಹೆಂಡತಿಯನ್ನು ಮರಳಲ್ಲಿ ಹೂಳಿದ ವಾರವೇ
ಉಪ್ಪುಮಾಂಸದ ಪೀಪಾಯಿ ಯಾರದೆಂದು ಜಗಳ.
ಕೊನೆಗೆ ತೆಂಗಿನ ಚಿಪ್ಪು ಸಾಲಿಟ್ಟು
ತೀರವನ್ನೇ ಹಂಚಿಕೊಂಡರು.
ಒಬ್ಬನ ಹಾಡು ಇನ್ನೊಬ್ಬನಿಗೆ ಕೇಳಬಾರದೆಂದು
ಗಾಳಿ ನೋಡಿಕೊಂಡು ಹಾಡುತ್ತಿದ್ದರಂತೆ.
ಇದನ್ನು ಹೇಳಿದ್ದು ಪೆಂಡ್ರಿಯೇ,
ಮುತ್ತಜ್ಜ ಕೋಳಿ ಸುಲಿಯುವುದನ್ನು ನೋಡುತ್ತ,
ಅರೆಬರೆ ಕನ್ನಡದಲ್ಲಿ,
ಬೇರೆ ಯಾರದೋ ಕಥೆಯ ಹಾಗೆ.

ಬಾಣಾವರದಲ್ಲಿ ಕಡಲಿಲ್ಲ.
ಹುರುಳಿ ಹೊಲ, ಜಾಲಿ, ಮುರಿದ ಕೋಟೆ.
ಎರಡನೇ ಬೇಸಿಗೆಯೊಳಗೆ
ಬಂಗಲೆಯ ಪಡಸಾಲೆಗೆ ಸುಣ್ಣದ ಗೆರೆ ಬಿತ್ತು.

ಕಾರಣ ಒಂದೇ ಆಗಿದ್ದರೆ ಹೇಳಬಹುದಿತ್ತು.
ಬೆಂಗಳೂರಿನ ಗಾಡಿ ತಂದ ಕ್ವಿನೈನ್ ಸೀಸೆ ಒಂದೇ.
ಕುದುರೆ ಒಂದೇ, ಅದೂ ಕುಂಟು.
‘ಕೃಪೆ’ ಅನ್ನಬೇಕೋ ‘ದಯೆ’ ಅನ್ನಬೇಕೋ ಅಂತ
ಮುನ್ಷಿ ಶಾಮಣ್ಣನ ಮುಂದೆ ಹನ್ನೊಂದು ದಿನ ಕಿತ್ತಾಡಿದರು.
ಹನ್ನೆರಡನೇ ದಿನ ಶಾಮಣ್ಣ ಬಾಕಿ ಸಂಬಳ ಕೇಳಿದ.
ಗೆರೆಯ ಈಚೆ ಒಲೆ, ಆಚೆ ಬಾವಿ.
ಮಾತು ನಿಂತಿತು, ಚೀಟಿ ಶುರುವಾಯಿತು.
ಏಳು ಮಾರು ದೂರಕ್ಕೆ
ಅರಗಿನ ಮುದ್ರೆ ಒತ್ತಿದ ಚೀಟಿ!
ಹೊರುವವನು ಮುತ್ತಜ್ಜ,
ಈ ಕಡೆ ಸಮಾಧಾನಪ್ಪ, ಗೆರೆ ದಾಟಿದರೆ ಸತ್ಯಾನಂದ.
ತಪ್ಪಿ ಓಗೊಟ್ಟರೆ ಬೈಗುಳ.
ಭಾನುವಾರ ಎರಡು ಗಂಟೆ, ಎರಡು ಪ್ರಸಂಗ,
ಎರಡರಲ್ಲೂ ನೆರೆಯವನನ್ನು ಪ್ರೀತಿಸು.
ಕೇಳುವುದಕ್ಕೆ ಅವನೊಬ್ಬ,
ಮತ್ತೆ ಕುಂಬಾರರ ಒಂದು ನಾಯಿ.

ಥೋರ್ನ್‌ಗೆ ಜ್ವರ ಹತ್ತಿದ್ದು ಕಾರ್ತಿಕದಲ್ಲಿ.
ಸೀಸೆ ಪೆಂಡ್ರಿಯ ಪೆಟ್ಟಿಗೆಯಲ್ಲಿ.
ಚೀಟಿ ಬರೆದು ಕೇಳಲಿ ಅಂತ ಇವನು,
ತಾನಾಗೇ ಕೊಡಲಿ ಅಂತ ಅವನು.
ಮೂರನೇ ರಾತ್ರಿ ಮುತ್ತಜ್ಜ ಕದ್ದ.
ಗಂಜಿಗೆ ಕಲಸಿ ಕುಡಿಸಿದ.
ಕಹಿಗೆ ಕಣ್ಣು ಬಿಟ್ಟ ಥೋರ್ನ್
‘ಕೆಂಚಾ’ ಅಂದನಂತೆ.
ಆ ಹೆಸರು ಅವನಿಗೆ ಹೇಗೆ ಗೊತ್ತಿತ್ತೋ.

ಉಳಿಯಲಿಲ್ಲ. ತಡವಾಗಿತ್ತು.
ಪೆಂಡ್ರಿ ಗೆರೆಯ ತನಕ ಬಂದು ನಿಂತ.
ನಿಂತೇ ಇದ್ದ, ಕೋಳಿ ಕೂಗುವವರೆಗೆ.
ಬೆಳಿಗ್ಗೆ ಊಟದ ಮೇಜು ಕಿತ್ತು
ಶವದ ಪೆಟ್ಟಿಗೆ ಬಡಿದವನು ಅವನೇ.
ಮೊಳೆ ಸಾಲದಾದಾಗ
ತನ್ನ ಟೋಪಿ ತೂಗುವ ಮೊಳೆಯನ್ನೂ ಕಿತ್ತ.
ಆಮೇಲೆ ಒಂದು ಚೀಟಿ ಬರೆದು, ಮುದ್ರೆ ಒತ್ತಿ,
‘ಸಮಾಧಾನಪ್ಪ, ಕೊಟ್ಟು ಬಾ’ ಅಂದ.

ಹೆಣಕ್ಕೆ ಚೀಟಿ ಕೊಡುವುದು ಹೇಗೆ?
ರುಮಾಲಿನ ಅಂಚಿಗೆ ಗಂಟು ಹಾಕಿಕೊಂಡ.
ಎಷ್ಟೋ ವರ್ಷದ ಮೇಲೆ ಅವನ ಮಗಳು, ನಮ್ಮಜ್ಜಿ,
ಹಾಸನದ ಮಿಷನ್ ಇಸ್ಕೂಲಲ್ಲಿ ಇಂಗ್ಲಿಷ್ ಕಲಿತು ಬಂದು
ಮುದ್ರೆ ಒಡೆದು ಓದಿದಳು:
‘ನನ್ನ ಗರಗಸ ನಿಮ್ಮ ಕಡೆ ಇತ್ತು.
ಹುಡುಕಿದೆ, ಸಿಕ್ಕಲಿಲ್ಲ.
ಹಲಗೆ ಉದ್ದವಾಯಿತು. ಕ್ಷಮಿಸಿ.’

ಅಷ್ಟೇ. ಆ ಸಮಾಧಿ ಈಗಲೂ ಒಂದು ಮೊಳ ಉದ್ದ,
ಮಿಕ್ಕ ಜಾಗದಲ್ಲಿ ಮೇಕೆ ಮಲಗುತ್ತವೆ.

ಮುತ್ತಜ್ಜ ತೀರಿಕೊಂಡಾಗ ಸಭೆಯ ದಫ್ತರದಲ್ಲಿ
ಸಮಾಧಾನಪ್ಪನ ಹೆಸರಿಗೆ ಗೀಟು ಎಳೆದರು.
ಸತ್ಯಾನಂದನ ಪುಟ ಯಾರೂ ತಿರುವಲಿಲ್ಲ.
ಇನ್ನೂ ಇದ್ದಾನೆ ಅವನು,
ನೂರಾ ಎಷ್ಟೋ ವಯಸ್ಸಿನ ಸದಸ್ಯ,
ವಂತಿಗೆ ಬಾಕಿ.