ಷರಾ

ಎಡಮಗ್ಗುಲಿಗೆ ಹೊರಳಿ, ಎಡಗೈ ತಲೆಯಡಿ ಇಡಿ ಎಂದೆ.
ಕ್ಲಿಫರ್ಡ್ ಬ್ಲೆಂಕಿನ್, ಎಂಬತ್ತೊಂದು ವರ್ಷ,
ಹೊರಳಲಿಕ್ಕೇ ಒಂದು ನಿಮಿಷ ಹಿಡಿಯಿತು.
ತಣ್ಣಗಿದೆ, ಕ್ಷಮಿಸಿ, ಎನ್ನುತ್ತ ಜೆಲ್ ಹಚ್ಚಿದೆ.
ಐಸ್‌ಲ್ಯಾಂಡಿನ ಕಡಲು ಕಂಡವನಿಗೆ
ಇದೂ ಒಂದು ತಣ್ಣಗೇ, ಮಗಳೇ? ಎಂದು ನಕ್ಕ;
ನಗು ಅರ್ಧದಾರಿಯಲ್ಲೇ ಏದುಸಿರಾಯಿತು.

ಹಲ್ ನಗರದ ಆಸ್ಪತ್ರೆ, ಕಿಟಕಿಯಿಲ್ಲದ ಕೋಣೆ.
ದಿನಕ್ಕೆ ಹತ್ತು ಹೃದಯ ನೋಡುವುದು ನನ್ನ ಕಸುಬು.
ಎಂಟೆದೆ ಬೇಕು ಅನ್ನುತ್ತೇವಲ್ಲ ನಮ್ಮ ಮಾತಿನಲ್ಲಿ,
ಇವನಿಗಿರುವುದು ಒಂದೇ, ಅದೂ ಹಿಗ್ಗಿದ್ದು.
ಹಿಗ್ಗು ಎಂದರೆ ಸಂತೋಷ ಎಂದೇ ತಿಳಿದಿದ್ದೆ
ಈ ಪರದೆಯ ಮುಂದೆ ಕೂರುವ ತನಕ.

ಫೆಬ್ರವರಿಯಲ್ಲಿ, ತುಂಬಿಕೊಂಡ ನೂರು ಹನಿಯಲ್ಲಿ
ಇಪ್ಪತ್ತೊಂಬತ್ತನ್ನಷ್ಟೇ ಹೊರಗೆ ನೂಕುತ್ತಿತ್ತು.
ಇವತ್ತು ಮೂವತ್ತನಾಲ್ಕು.
ಇನ್ನೊಮ್ಮೆ ಅಳೆದೆ. ಮೂವತ್ತಾರು.
ಮತ್ತೊಮ್ಮೆ. ಮೂವತ್ತಮೂರು.
ಸಂಖ್ಯೆ ಹೇಳುವ ಹಕ್ಕು ನನ್ನದಲ್ಲ;
ಮುಖ ಹೇಳಿಬಿಟ್ಟಿತೋ ಏನೋ,
ಮೂಲೆಯ ಕುರ್ಚಿಯಲ್ಲಿದ್ದ ಮೇವಿಸ್
ಕೈಚೀಲದಿಂದ ಕಂದು ಸೀಸೆಯೊಂದನ್ನು ತೆಗೆದಳು.

ಕೋಎನ್‌ಜೈಮ್ ಕ್ಯೂ ಟೆನ್.
ಸಾರಿನ ಮೇಲೆ ತೇಲುವ ಒಗ್ಗರಣೆಯೆಣ್ಣೆಯ ಬಣ್ಣ.
"ಇದರದೇ ಕೆಲಸ" ಎಂದಳು.
"ತಿಂಗಳಿಗೆ ಇಪ್ಪತ್ತೆರಡು ಪೌಂಡ್.
ಹೀಟರ್ ಒಂದೇ ಕೋಣೆಗೆ ಸಾಕು ಅಂದುಕೊಂಡೆವು.
ಬೆಣ್ಣೆ ಸವರಿದ ಟೋಸ್ಟಿನ ಜೊತೆ ಕೊಡಬೇಕಂತೆ,
ಕೊಬ್ಬಿಲ್ಲದೆ ಮೈಗೆ ಹತ್ತುವುದಿಲ್ಲವಂತೆ.
ಬೆಣ್ಣೆ ಮುಟ್ಟಬೇಡಿ ಅಂದಿದ್ದಾರೆ ಡಾಕ್ಟರು. ನೀನು ಹೇಳಬೇಡ."

"ಅದೇನದು, ಕಲ್ಲಿದ್ದಲೋ, ಎಣ್ಣೆಯೋ?"
ಮಂಚದಿಂದ ಕ್ಲಿಫರ್ಡ್.

ಓದಿದ್ದನ್ನು ತಡಕಾಡಿದೆ:
ದನದ ಗುಂಡಿಗೆಗಳನ್ನು ಅರೆದು ಅರೆದು
ಯಾರೋ ಮೊದಲು ತೆಗೆದದ್ದು ಈ ಹಳದಿ ಹರಳು.
ಮೈಯ ಒಂದೊಂದು ಕೋಶದ ಒಲೆಯ ಬಳಿಯೂ ಇದೆ,
ತಾನು ಉರಿಯುವುದಿಲ್ಲ, ಉರಿಸುವುದೂ ಇಲ್ಲ,
ಇಲ್ಲಿಂದ ಎತ್ತಿ ಅಲ್ಲಿ ಕೊಟ್ಟು
ಬರಿಗೈಯಲ್ಲಿ ಮರಳುತ್ತದೆ, ಮತ್ತೆ ಎತ್ತುತ್ತದೆ.
ವಯಸ್ಸಾದಂತೆ ಕಡಿಮೆ, ಸೋತ ಹೃದಯದಲ್ಲಿ ಇನ್ನೂ ಕಡಿಮೆ.
ಹೊರಗಿನಿಂದ ಕೊಟ್ಟರೆ ಅಲ್ಲಿಯ ತನಕ ಮುಟ್ಟೀತೇ?
ಕೆಲವರು ಹೌದೆಂದರು. ಕೆಲವರು ಇನ್ನೂ ಎಣಿಸುತ್ತಿದ್ದಾರೆ.

ಅವನು ಸುಮ್ಮನಾದ. ಪರದೆಯಲ್ಲಿ ಕವಾಟ ಮಾತ್ರ
ಒದ್ದೆ ಬಟ್ಟೆಯಂತೆ ಪಟಪಟ.

"ಟ್ರಿಮ್ಮರ್" ಎಂದ ಆಮೇಲೆ.
"ಹದಿನೈದಕ್ಕೆ ನಾನು ಟ್ರಿಮ್ಮರ್, ಉಗಿಯ ಮೀನುಹಡಗಿನಲ್ಲಿ.
ಬೆಂಕಿ ಹಾಕುವವನು ಬೇರೆ, ಚುಕ್ಕಾಣಿಯವನು ಬೇರೆ.
ಕತ್ತಲ ಗೂಡಿನಿಂದ ಕುಲುಮೆಯ ಬಾಯಿಯವರೆಗೆ
ಬರೀ ಹೊರುವುದು.
ಹಡಗು ವಾಲಿದಾಗ ಕಲ್ಲಿದ್ದಲೂ ಉರುಳುತ್ತಿತ್ತು, ನಾನೂ.
ಒಳ್ಳೆ ಮೀನು ಬಿದ್ದರೆ ಕಪ್ತಾನನ ಹೆಸರು.
ಉಗಿ ಇಳಿದರೆ ಮಾತ್ರ,
ಎಲ್ಲಿ ಸತ್ತ ಆ ಹುಡುಗ, ಅಂತ."

ಡಾಕ್ಟರು ಬಂದರೆ ಹೊಸ ಮಾತ್ರೆಯ ಗುಣ ಎನ್ನುತ್ತಾರೆ.
ಮೇವಿಸ್ ಸೀಸೆಯನ್ನು ಗಿಲಕಿಯಂತೆ ಅಲುಗಿಸುತ್ತಾಳೆ.
ಮಹಡಿ ಹತ್ತುವುದು ಬಿಟ್ಟು ಕೆಳಗೇ ಮಲಗುತ್ತೇನಲ್ಲ,
ಅದಕ್ಕೇ ಎಂದು ಅವನ ವಾದ.
ನನಗೆ ಗೊತ್ತಿರುವುದು ಇಷ್ಟೇ:
ಐದು ಅಂಕ ನನ್ನ ಬೆರಳ ತುದಿಯಲ್ಲೂ ಹುಟ್ಟಬಹುದು.

ಆದರೆ ಫೈಲಿನಲ್ಲಿ ಇನ್ನೊಂದು ಚೀಟಿ.
ರಕ್ತ ತೆಳುವಾಗಿಸುವ ಮಾತ್ರೆಯ ಲೆಕ್ಕ
ಎರಡು ತಿಂಗಳಿಂದ ಕೂಡಿಬರುತ್ತಿಲ್ಲ,
ನರ್ಸಿನ ಕೈಬರಹದಲ್ಲಿ ಒಂದು ಕೊಕ್ಕೆ, ಕೆಳಗೆ ಚುಕ್ಕೆ.
"ಈ ಗುಳಿಗೆಯ ವಿಚಾರ ಅವರಿಗೆ ಹೇಳಿದ್ದೀರಾ?"
"ಅವರು ಔಷಧಿ ಯಾವುದೆಂದು ಕೇಳಿದರು.
ಇದು ಅಂಗಡಿಯದಲ್ಲವೇ?"

ಎದೆಯ ಜೆಲ್ ಒರೆಸಿಕೊಟ್ಟೆ.
ಅವಳು ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಹಾಕುತ್ತ ಬಂದಳು,
ಕುತ್ತಿಗೆಯ ಹತ್ತಿರ ಒಂದು ಉಳಿಯಿತು,
ಇಬ್ಬರೂ ಅದನ್ನು ಹಾಗೇ ಬಿಟ್ಟು ಹೋದರು.

ನಮೂನೆಯಲ್ಲಿ ಕೋಣೆಗಳ ಅಳತೆಗೆ ಕಾಲಂ ಇದೆ,
ಕವಾಟಗಳಿಗೆ ಇದೆ, ಹೊರುವ ಹುಡುಗನಿಗಿಲ್ಲ.
ಷರಾ ಎಂಬಲ್ಲಿ ಬರೆದೆ:
ದಿನಕ್ಕೊಂದು ಕ್ಯೂ ಟೆನ್, ನೂರು ಮಿಲಿಗ್ರಾಂ, ಹೆಂಡತಿ ಕೊಡುವುದು.
ರಕ್ತದ ಲೆಕ್ಕ ನೋಡುವವರು ದಯವಿಟ್ಟು ಗಮನಿಸಿ.

ಬೆಣ್ಣೆಯ ವಿಷಯ ಬರೆಯಲಿಲ್ಲ.